ಕಾರಿನ ಕೀಲಿ ನನ್ನ ಚೀಲದಲ್ಲಿದೆ

ರೀ,

ಕಾರಿನ ಕೀಲಿ ಹುಡುಕಬೇಡಿ, ನಾನು ತೆಗೆದುಕೊಂಡು ಹೋಗುತ್ತಿದ್ದೇನೆ. ಮಗಳನ್ನು ಬಸ್ಸಿನಲ್ಲೇ ಶಾಲೆಗೆ ಬಿಡುತ್ತೇನೆ.

ಮಾವನವರ ಲೈಸೆನ್ಸ್ ನವೀಕರಣವಾಯಿತೆಂದು ನಿನ್ನೆ ನೀವು ಬೀಗುತ್ತಿದ್ದರೆ ನನಗೆ ಹೇಸಿಗೆಯಾಯಿತು. ಲೈಸೆನ್ಸ್ ಕೊಡುವ ಆಫೀಸಿನಲ್ಲಿ ಕೆಲಸ ಮಾಡುವ ನೀವೇ ಕಣ್ಣಿನ ಪರೀಕ್ಷೆಯ ಫಲಕದಲ್ಲಿರುವ ಅಕ್ಷರಗಳನ್ನು ಮಗ್ಗಿಯ ಹಾಗೆ ಅವರಿಗೆ ಬಾಯಿಪಾಠ ಮಾಡಿಸಿದಿರಿ. "ಅಪ್ಪ ಒಂದಕ್ಷರಾನೂ ತಪ್ಪಲಿಲ್ಲ ಕಣೇ" ಅಂತ ಬೇರೆ ಹೇಳಿದಿರಿ. ಹೇಗೆ ತಪ್ಪುತ್ತಾರೆ? ಅದೇ ಸಂಜೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ಯಾರಮ್ಮಾ, ಯಾರು ಬೇಕಿತ್ತು?" ಎಂದು ಕೇಳಿದರು. ಅವರು ಇವತ್ತಿನಿಂದ ಮೊಮ್ಮಗಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಬೇಕಂತೆ. ಎದುರಿಗೆ ಬರುವ ಲಾರಿಗಳನ್ನೂ ಬಾಯಿಪಾಠ ಮಾಡಿಸಿದ್ದೀರಾ?

ಹಾಲು ಕಾಯಿಸಿಟ್ಟಿದ್ದೇನೆ. ಅವರ ಕಣ್ಣಿನ ಹನಿ ಔಷಧಿ ಕಿಟಕಿಯ ಹತ್ತಿರವಿದೆ, ಮರೆಯದೆ ಹಾಕಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಮಗ ಹೇಳಿಕೊಟ್ಟಿದ್ದನ್ನು ಒಪ್ಪಿಸಿ ಬಂದರು.

ಇನ್ನು ಗಾಡಿ ಓಡಿಸುವಂತಿಲ್ಲ ಎಂದು ನಾನು ಬರುವುದರೊಳಗೆ ಅವರಿಗೆ ಹೇಳಿರಿ. ಸೊಸೆ ಬೇಡ ಅಂದಳು ಎಂದು ನನ್ನ ಮೇಲೆ ಹಾಕಬೇಡಿ. ಪಕ್ಕದಲ್ಲಿ ಕೂತು ಅಕ್ಷರ ಹೇಳಿಕೊಟ್ಟಿರಲ್ಲ, ಹಾಗೇ ಪಕ್ಕದಲ್ಲಿ ಕೂತು ನೀವೇ ಹೇಳಿ.