ಬೆಳ್ಳಿ ಬಟ್ಟಲಿನ ಹೆಸರು

ಖಾನಾಪುರ,
೧೨ ಜೂನ್ ೨೦೨೪

ಪ್ರೀತಿಯ ತಮ್ಮ ಜಿನೇಶನಿಗೆ ಪೂನಮ್ ಅಕ್ಕನ ಜೈ ಜಿನೇಂದ್ರ.

ರವಿವಾರ ನಿಮ್ಮ ಮನೆಯಿಂದ ಉಣ್ಣದೆ ಎದ್ದು ಬಂದವಳು ಅಂದಿನಿಂದ ನಿನ್ನ ಫೋನನ್ನೂ ಎತ್ತಿಲ್ಲ. ತಪ್ಪು ನನ್ನದೇ. ಆದರೆ ಎತ್ತಿದ್ದರೆ ಇಬ್ಬರೂ ಕೂಗಾಡುತ್ತಿದ್ದೆವು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮನೆಯವರು ಪಂಪಿನ ರಿಪೇರಿಗೆ ಆಟೋ ನಗರಕ್ಕೆ ಬರುತ್ತಾರೆ, ನಿನ್ನ ವರ್ಕ್‌ಶಾಪಿನಲ್ಲೇ ಇದನ್ನು ಕೈಗೆ ಕೊಡುತ್ತಾರೆ. ಅವ್ವನ ಎದುರು ಒಡೆಯಬೇಡ.

ಇಲ್ಲಿ ಎಲ್ಲ ಕ್ಷೇಮ. ಮಳೆ ಹಿಡಿದಿದೆ, ಅಂಗಳದ ತುಂಬ ಕೆಸರು. ನಿನ್ನ ಸುಹಾಸಿನಿಯ ಕಾಲಿನ ಬಾವು ಇಳಿಯಿತೇ? ಹಲಸಿನ ಹಣ್ಣು ಕಳಿಸಬೇಕೆಂದಿದ್ದೆ, ಬಸುರಿಗೆ ಉಷ್ಣ ಅಂತ ಅವ್ವ ಬೈದಾಳೆಂದು ಬಿಟ್ಟೆ.

ಈಗ ಮಾತಿಗೆ ಬರುತ್ತೇನೆ. ಹೋದ ತಿಂಗಳು ನೀನೇ ಫೋನ್ ಮಾಡಿ, ಗಂಡಾದರೆ ಅನಂತ, ಹೆಣ್ಣಾದರೆ ಸುಮತಿ, ಇಬ್ಬರೂ ಕೂಡಿ ಆರಿಸಿದ್ದೇವೆ ಅಂದಿದ್ದೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೇಳುವವಳು ನೀನು, ಈಗಲೇ ಬಾಯಿಪಾಠ ಮಾಡಿಕೋ ಎಂದು ನಕ್ಕಿದ್ದೆ. ರವಿವಾರ ಅವ್ವ ಟ್ರಂಕಿನಿಂದ ಆ ಬೆಳ್ಳಿ ಬಟ್ಟಲು ತೆಗೆದು ಸುಹಾಸಿನಿಯ ಎದುರಿಗೇ ಇಟ್ಟಾಗ ಆ ನಗೆ ಎಲ್ಲಿ ಹೋಯಿತು? ನಿಮ್ಮ ಮೊದಲ ಕೂಸಿಗೆಂದು, ಗಂಡೇ ಎಂದು ನಂಬಿ, ಅವ್ವ ಮೊದಲೇ ‘ಪಾರ್ಶ್ವ’ ಅಂತ ಕೆತ್ತಿಸಿದ್ದ ಬಟ್ಟಲು ಅದು. ಕೂಸು ತಿಂಗಳು ತುಂಬದೆ ಹುಟ್ಟಿ, ತೊಟ್ಟಿಲು ಕಾಣದೆ ಆಸ್ಪತ್ರೆಯಿಂದಲೇ ಹೋಯಿತು.

"ತೊಟ್ಟಲಕ್ಕ ಹಾಕಿಲ್ಲ, ಅತ್ತಿ ಕಿವ್ಯಾಗ ಹೇಳಿಲ್ಲ. ಆ ಹೆಸರು ಯಾರದೂ ಆಗಿಲ್ಲ. ಈ ಕೂಸಿಗೆ ಅದನ್ನ ಇಡೂಣು," ಅಂದಳು ಅವ್ವ.

ಹೆಣ್ಣಾದರೆ ನಿಮಗೆ ಬೇಕಾದ್ದು ಇಟ್ಟುಕೊಳ್ಳಿ ಎಂಬ ಔದಾರ್ಯ ಬೇರೆ. ನೀನು ರೊಟ್ಟಿ ಮುರಿಯುತ್ತ, ಅವ್ವ ಹೇಳಿದ ಹಾಗೆಯೇ ಆಗಲಿ ಅಂದೆ. ನಾನು ಆ ಹೆಸರು ಹೇಳುವುದಿಲ್ಲ ಅಂದದ್ದಕ್ಕೆ, ದೇಸೂರಿನಿಂದ ಚಿಕ್ಕಪ್ಪನ ಮಗಳನ್ನು ಕರೆಸುತ್ತೇನೆ, ಅವಳೂ ಸೋದರತ್ತೆಯೇ ಎಂದು ನನ್ನ ಮೇಲೆ ಹರಿಹಾಯ್ದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು ಜಿನೇಶ. ಎರಡು ಬಾರಿಸಬೇಕು ಅನಿಸಿತ್ತು.

ನೀನು ನೋಡಿದೆಯೋ ಇಲ್ಲವೋ, ಸುಹಾಸಿನಿ ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಒಲೆಯ ಮೇಲೆ ಪಲ್ಯ ಸೀಯುತ್ತಿತ್ತು, ಅವಳು ಅದನ್ನೇ ನೋಡುತ್ತ ನಿಂತಿದ್ದಳು. ಅತ್ತೆಯವರ ಮೇಲೆ ಸಿಟ್ಟಿಲ್ಲ ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಕ್ಕಾರ, ಹೆಸರಿಲ್ಲದ ಕೂಸನ್ನ ಏನಂತ ಕರದು ಅಳಬೇಕ್ರಿ? ಅವಂಗಂತ ಇಟ್ಟಿದ್ದು ಅದೊಂದಽ ಹೆಸರು. ಅದನ್ನೂ ಇನ್ನೊಬ್ಬರಿಗೆ ಕೊಟ್ಟರ ಅವಂಗ ಏನ ಉಳೀತು?"

ನನಗೆ ಉತ್ತರ ಗೊತ್ತಿತ್ತು. ಬಾಯಿ ಬಿಡುವ ಧೈರ್ಯವಾಗಲಿಲ್ಲ. ಚೀಲ ತೆಗೆದುಕೊಂಡು ಬಂದು ಖಾನಾಪುರದ ಬಸ್ಸು ಹತ್ತಿದೆ.

ಅವ್ವ ಕೆಟ್ಟವಳಲ್ಲ. ಹೋದ ಕೂಸನ್ನೇ ಮತ್ತೊಮ್ಮೆ ಎತ್ತಿಕೊಳ್ಳುವ ಆಸೆ ಅವಳಿಗೆ. ಆದರೆ ಬರುವ ಕೂಸು ಬೇರೆ, ಅದು ತನ್ನದೇ ಹೆಸರಿನಿಂದ ಬರಲಿ. ನೀವಿಬ್ಬರೂ ಆರಿಸಿದ್ದನ್ನು ಅವ್ವನಿಗೆ ನೀನೇ ಹೇಳು, ಹೆಂಡತಿಯ ಬಾಯಿಂದ ಹೇಳಿಸಬೇಡ. ಅನಂತನೋ ಸುಮತಿಯೋ, ಕಿವಿಯಲ್ಲಿ ಹೇಳಲು ನಾನು ಓಡಿ ಬರುತ್ತೇನೆ.

ಸುಹಾಸಿನಿಗೆ ಸುಸೂತ್ರ ಹೆರಿಗೆಯಾಗಲಿ. ನಿಮ್ಮಿಬ್ಬರ ಮಡಿಲು ತಣ್ಣಗಿರಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಅಕ್ಕ
ಪೂನಮ್

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟು ಕಾಗದ ಮಡಚಿದ್ದೆ. ಮೊದಲ ಕೂಸು ಹುಟ್ಟಿದಂದು ಆಸ್ಪತ್ರೆಯಲ್ಲಿ ಸುಹಾಸಿನಿ ಆಪರೇಶನ್ ಆಗಿ ಏಳಲಾರದೆ ಮಲಗಿದ್ದಳು, ನೀನು ರಕ್ತ ತರಲು ಓಡಿದ್ದೆ. ಇನ್ನು ಬಹಳ ಹೊತ್ತಿಲ್ಲ, ಬಂದು ನೋಡಿ ಎಂದು ನರ್ಸಬಾಯಿ ನನ್ನನ್ನು ಒಳಗೆ ಬಿಟ್ಟಳು. ಕೂಸಿನ ಕಿವಿ ಎಳೆ ವೀಳ್ಯದೆಲೆಯ ಹಾಗೆ ಮಡಚಿಕೊಂಡಿತ್ತು. ಬೆರಳಿನಿಂದ ಬಿಡಿಸಿ, ತೊಟ್ಟಿಲಲ್ಲಿ ಹೇಳುವಂತೆಯೇ ಮೂರು ಸಲ ‘ಪಾರ್ಶ್ವ’ ಅಂದೆ. ಹನ್ನೆರಡನೆಯ ದಿನ ಬರುವ ಮೊದಲೇ ಹೆಸರು ಹೇಳಿ ಕೂಸನ್ನು ಕಳೆದಳು ಎಂದು ಅವ್ವ ಅಂದಾಳೆಂದು ಹೆದರಿ ಇಷ್ಟು ದಿನ ನುಂಗಿಕೊಂಡೆ. ಈಗ ಅಂದರೆ ಅನ್ನಲಿ. ಆ ಬಟ್ಟಲು ಸುಹಾಸಿನಿಯ ಕೈಗೆ ಕೊಡು. ಅವನು ಹೆಸರಿಲ್ಲದೆ ಹೋಗಿಲ್ಲ ಅಂತ ಹೇಳು. ಇನ್ನಾದರೂ ಅವಳು ಹೆಸರು ಹಿಡಿದು ಅಳಲಿ.