ಅಡಿಯ ದೋಸೆ

೧೮ ನವೆಂಬರ್ ೨೦೨೫, ಮಂಗಳವಾರ. ಯಲಹಂಕ.

ಹೊಸ ಹಲ್ಲು ಸೆಟ್ ಬಾಯಲ್ಲಿ ಕೂತಾಗಿನಿಂದ ತಲೆಯಲ್ಲೂ ಆ ಪದವೇ ಕೂತಿದೆ. ಸೆಟ್ ಅಂದರೆ ಗುಂಪು, ನಾಟಕದ ಸೆಟ್, ಟೀವಿ ಸೆಟ್. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಪುಟ ಬರೆಸಿದ್ದರು, ಮಿಕ್ಕಿದ್ದು ಮರೆತೆ. ಹಲ್ಲಿನ ಪರೀಕ್ಷೆಗೆಂದು ವಾಕಿಂಗ್ ಗೆಳೆಯ ಬ್ಯಾಟರಾಯಪ್ಪ ಹೋಟೆಲಿಗೆ ಎಳೆದೊಯ್ದ. ಬಾಯಿ ತಪ್ಪಿ ಸೆಟ್ ದೋಸೆ ಅಂದುಬಿಟ್ಟೆ.

"ಸೆಟ್ ಹಾಕ್ಕೊಂಡು ಸೆಟ್ ತಿಂತೀಯ. ಒಂದು ಹೆಣ್ಣು ಸೆಟ್ ಮಾಡ್ಕೊಂಡ್ರೆ ಮೂರೂ ಆಯ್ತು ಕಣಯ್ಯ," ಎಂದ.

ನಗು ಬಂತು. ತಟ್ಟೆ ಬಂದಾಗ ಮಾತ್ರ ಕೈ ನಿಂತಿತು. ನನ್ನಾಕೆ ವನಜ ತೀರಿಕೊಂಡ ಮೇಲೆ ಎರಡು ವರ್ಷ ಸೆಟ್ ದೋಸೆ ಮುಟ್ಟಿರಲಿಲ್ಲ. ಇಬ್ಬರೂ ಒಂದೇ ತಟ್ಟೆ ಹಂಚಿಕೊಳ್ಳುತ್ತಿದ್ದೆವು, ಮೂರರಲ್ಲಿ ಮೇಲಿನೆರಡು ನನ್ನವು. "ನಂಗೆ ಅಡೀದೊಂದು ಸಾಕು ಕಣ್ರೀ" ಎನ್ನುತ್ತಿದ್ದಳು. ಅದೊಂದು ತಟ್ಟೆಯಲ್ಲೇ ಉಳಿದರೆ ನೋಡುವುದು ಹೇಗೆ ಎಂದೇ ನನ್ನ ಹೆದರಿಕೆ.

ಇವತ್ತು ನಾನೇ ತಿಂದೆ. ಮೇಲಿನೆರಡರ ಬಿಸಿ ಹಿಡಿದುಕೊಂಡು ಅದು ಬೆಣ್ಣೆಯಂತೆ ಮೆತ್ತಗಿತ್ತು, ಹೊಸ ಹಲ್ಲಿಗೆ ಕೆಲಸವೇ ಇಲ್ಲ. ಮೂವತ್ತಾರು ವರ್ಷ ಪಾಪ, ನನಗಾಗಿ ಬಿಟ್ಟುಕೊಡುತ್ತಾಳೆ ಅಂದುಕೊಂಡಿದ್ದೆನಲ್ಲ. ಕಳ್ಳಿ.

ನಾನು ನಗುತ್ತಲೇ ಇದ್ದೆ. "ಹಲ್ಲು ಸಡಿಲ ಆಯ್ತೇನಯ್ಯ?" ಎಂದ ಬ್ಯಾಟರಾಯಪ್ಪ.

ಸೆಟ್ ತೆಗೆದು ಲೋಟದಲ್ಲಿಡಬೇಕು, ನಿದ್ದೆ ಬರುತ್ತಿದೆ. ನಾಳೆ ಹೋದರೆ ಮೊದಲು ಅಡಿಯದನ್ನೇ ಎಳೆದು... ಬೇಡ, ಅದು ಅವಳದು, ಕೊನೆಗೇ