ಕಣ್ಣಳೆಯ ಹೆಬ್ಬೆರಳು

ಬೆಳ್ಕೋಡಿ ಅಳಿವೆ,
ಆಷಾಢದ ಮೂವತ್ತೊಂದು ಸಾವಿರದ ಎಂಟುನೂರ ಹತ್ತನೆಯ ದಿನ.

ನನ್ನ ಪಿಜ್ಜ, ಅಂದರೆ ಮುತ್ತಜ್ಜನ ತಂದೆ, ಟ್ರಾಲ್ ಬೋಟು ನಡೆಸುವ ತಾಂಡೇಲ ಪಂಜು ಅವರಿಗೆ ನಿಮ್ಮ ವಂಶದ ನೀಲು ಬರೆಯುವುದು.

ದಿನಾಂಕ ಓದಿ, ಯಾರೋ ತಲೆಕೆಟ್ಟವಳು ಎಂದು ಪತ್ರವನ್ನು ಬಿಸಾಡಬೇಡಿ. ನಿಮಗೆ ಆಷಾಢವೆಂದರೆ ಕಡಲಿಗೆ ಬಾಗಿಲು ಹಾಕುವ ಕಾಲ. ಮಳೆ ಇಳಿದು ಸಮುದ್ರಪೂಜೆ ಮುಗಿದರೆ ಬೋಟುಗಳು ಹೊರಡುತ್ತವೆ. ನಮ್ಮ ಹಿರಿಯರು ಒಂದು ವರ್ಷ ಹಾಕಿದ ಬಾಗಿಲನ್ನು ತೆರೆಯಲೇ ಇಲ್ಲ. ಮೀನು ಮರಳಿ ಬರುವ ತನಕ ಆಷಾಢ ಮುಗಿಯುವುದಿಲ್ಲ ಎಂದು ಊರು ಸೇರಿ ತೀರ್ಮಾನಿಸಿತು. ಅಂದಿನಿಂದ ಅದೇ ತಿಂಗಳ ದಿನಗಳನ್ನು ಎಣಿಸುತ್ತಾ ಬಂದಿದ್ದೇವೆ. ನಾನು ಹುಟ್ಟಿದ್ದು ಆಷಾಢದಲ್ಲಿ, ಮದುವೆಯಾದದ್ದೂ ಆಷಾಢದಲ್ಲಿ. ನಿಮ್ಮ ಕಾಲದ ಪುರೋಹಿತರು ಕೇಳಿದ್ದರೆ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು. ನನ್ನ ಕೆಲವು ಮಾತುಗಳು ನಿಮಗೆ ಹೊಸದೆನಿಸಬಹುದು, ಕ್ಷಮಿಸಿ. ಪತ್ರ ನಿಮ್ಮ ಕೈಗೆ ಹೇಗೆ ಸೇರುತ್ತದೆ ಎಂದು ನನ್ನನ್ನು ಕೇಳಬೇಡಿ. ಸೇರಬೇಕು, ಅಷ್ಟೇ.

ನಾನು ಈ ಊರಿನ ಕಣ್ಣಳೆ. ಬಲೆಯ ಕಣ್ಣನ್ನು ಅಳೆಯುವವಳಿಗೆ ನಾವು ಹಾಗೆ ಹೇಳುತ್ತೇವೆ. ಅಳಿವೆಯಲ್ಲಿ ಎದೆಮಟ್ಟದ ನೀರಿನವರೆಗೆ ಮಾತ್ರ ಕೈಬಲೆ ಬೀಸಬಹುದು. ಆ ಬಲೆಯ ಪ್ರತಿ ಕಣ್ಣಿನಲ್ಲೂ ಕಣ್ಣಳೆಯ ಬಲಗೈ ಹೆಬ್ಬೆರಳು ಸಲೀಸಾಗಿ ತೂರಬೇಕು. ಮರಿಮೀನು ತಪ್ಪಿಸಿಕೊಳ್ಳುವ ದಾರಿ ಅದು. ಬೀಸಿದ ಬಲೆಯಲ್ಲಿ ಬೆರಳು ತೂರದಿದ್ದರೆ ಬಲೆಯವನಿಗೆ ಎಳೆತ. ಕಾಲಿಗೆ ಹಗ್ಗ ಕಟ್ಟಿ, ಎಂಟು ಜನ ಹುಟ್ಟು ಹಾಕುವ ದೋಣಿಯ ಹಿಂದೆ ಅಳಿವೆಯಿಂದ ಕರಿಬಂಡೆಯವರೆಗೆ ತಳದ ಮೇಲೆ ಎಳೆಯುತ್ತಾರೆ. ಕಡಲಿನ ತಳ ಕೆರೆದವರು ತಳ ಹೇಗಿರುತ್ತದೆಂದು ಮೈಯಿಂದಲೇ ತಿಳಿಯಲಿ ಎಂದು ಮಾಡಿದ ಶಿಕ್ಷೆ. ನಡುವೆ ಚಿಪ್ಪು ಕಚ್ಚಿದ ಕಲ್ಲುಗಳಿವೆ. ಒಂಬತ್ತು ಜನರನ್ನು ನಾನು ಹಾಗೆ ಕಳಿಸಿದ್ದೇನೆ. ಬದುಕಿ ಬಂದವರು ಇಬ್ಬರು, ಅವರ ಮುಖವನ್ನು ಮಕ್ಕಳಿಗೆ ತೋರಿಸುವುದಿಲ್ಲ.

ಇಷ್ಟು ಕ್ರೂರಿಗಳು ಯಾಕಾದಿರಿ ಎನ್ನುತ್ತೀರಾ? ನಮ್ಮ ಊಟ ನೋಡಿ, ಆಮೇಲೆ ಕೇಳಿ. ಮರಗೆಣಸಿನ ಗಂಜಿ, ಉಪ್ಪು, ಸಿಂಪಿಯ ನಾಲ್ಕು ಚೂರು. ಮದುವೆಯ ದಿನ 'ವಾಸನೆ ಸಾಲು' ಇರುತ್ತದೆ: ಒಂದೇ ಒಂದು ಒಣ ಬಂಗುಡೆಯನ್ನು ಪಂಕ್ತಿಯುದ್ದಕ್ಕೂ ಕೈಯಿಂದ ಕೈಗೆ ದಾಟಿಸುತ್ತಾರೆ, ಪ್ರತಿಯೊಬ್ಬರೂ ಮೂಸಿ ನೋಡಿ ಒಂದು ತುತ್ತು ಗಂಜಿ ನುಂಗುತ್ತಾರೆ. ಆ ಬಂಗುಡೆಗೆ ನನಗಿಂತ ಹೆಚ್ಚು ವಯಸ್ಸು. ಅದನ್ನು ಕಚ್ಚಿದ ಒಬ್ಬ ಮದುಮಗನ ಹಲ್ಲನ್ನು ಪಂಕ್ತಿಯಲ್ಲೇ ಉದುರಿಸಿದ್ದರು. ಬೂತಾಯಿ ಮೀನು ಎಂಬುದು ನಮ್ಮ ಮಕ್ಕಳಿಗೆ ಕಥೆಯಲ್ಲಿ ಬರುವ ಪ್ರಾಣಿ. ನೀರು ನೀಲಿಯಾಗಿಯೇ ಇದೆ, ಅಲೆ ಚೆನ್ನಾಗಿಯೇ ಏಳುತ್ತದೆ, ಒಳಗೆ ಮಾತ್ರ ಏನೂ ಇಲ್ಲ. ಇದಕ್ಕೆ ನಾವು ಬರಿನೀರು ಎನ್ನುತ್ತೇವೆ. ಅದರ ಮುಂದೆ ನಿಂತಾಗ ನನಗೆ ದುಃಖವಾಗುವುದಿಲ್ಲ, ಸಿಟ್ಟು ಬರುತ್ತದೆ, ಮತ್ತು ಆ ಸಿಟ್ಟು ನೇರವಾಗಿ ನಿಮ್ಮ ಮೇಲೆಯೇ.

ಯಾಕೆಂದರೆ ನಿಮ್ಮ ಕೈಕೆಲಸದ ಬಲೆ ನಮ್ಮ ಚಾವಡಿಯಲ್ಲಿ ಇಂದಿಗೂ ತೂಗುತ್ತಿದೆ. ನೈಲಾನು ನೋಡಿ, ಕೊಳೆಯುವುದಿಲ್ಲ. ಹೊರಗೆ ಕಾನೂನಿನಷ್ಟು ಅಗಲದ ಕಣ್ಣು. ಬಲೆಯ ಬಾಲದಲ್ಲಿ, ಮೀನು ಬಂದು ರಾಶಿಯಾಗುವ ಜಾಗದಲ್ಲಿ, ಒಳಗಿಂದ ಹೊಲಿದ ಇನ್ನೊಂದು ಬಲೆ. ಅದರ ಕಣ್ಣಿನಲ್ಲಿ ನನ್ನ ಕಿರುಬೆರಳೂ ತೂರುವುದಿಲ್ಲ. ತಪಾಸಣೆಗೆ ಬಂದವರಿಗೆ ಹೊರಗಿನದು, ಸಿಗಡಿಗೆ ಒಳಗಿನದು. ಒಂದು ಬುಟ್ಟಿ ಸಿಗಡಿಗಾಗಿ ಹತ್ತು ಬುಟ್ಟಿ ಬಂಗುಡೆ ಮರಿ, ನಂಗು, ಏಡಿ, ಮೊಟ್ಟೆ ಹೊತ್ತ ಆಮೆ ಎಲ್ಲವನ್ನೂ ಡೆಕ್ಕಿನ ಮೇಲೆ ಸುರಿದು, ಕಸ ಎಂದು ಹೆಸರಿಟ್ಟು, ಕಾಲಿನಿಂದ ಒತ್ತಿ ಕೆಲವನ್ನು ಕಡಲಿಗೆ ತಳ್ಳಿದಿರಿ, ಉಳಿದದ್ದನ್ನು ಮೀನುಹಿಟ್ಟಿನ ಕಾರ್ಖಾನೆಗೆ ಕಳಿಸಿದಿರಿ. ನಮ್ಮ ಅನ್ನ ಅದು, ಪಿಜ್ಜ! ಸತ್ತ ಆ ಒಂದೊಂದು ಮರಿಯೂ ನನ್ನ ತಾಯಿಯ ತಟ್ಟೆಯಲ್ಲಿ ಇರಬೇಕಾಗಿತ್ತು.

ಇನ್ನೊಂದು ವಿಷಯವಿದೆ, ಅದು ನಿಮಗಿನ್ನೂ ಆಗಿಲ್ಲ. ಈ ಸಲದ ನವರಾತ್ರಿ ಕಳೆದ ಮೂರನೆಯ ಬೆಳಿಗ್ಗೆ, ಆಳದಲ್ಲಿ ಸಿಗಡಿ ಸಿಗದೆ ನೀವು ಬೋಟನ್ನು ದಡದ ಹತ್ತಿರಕ್ಕೆ ತರುತ್ತೀರಿ. ಅಲ್ಲಿ ರಂಪಣಿಯವರು ದಡದಿಂದ ಎಳೆಯುವ ದೊಡ್ಡ ಬಲೆ ಬಿಟ್ಟಿರುತ್ತಾರೆ. ನಿಮ್ಮ ಬೋಟು ಅದನ್ನು ಸೀಳಿಕೊಂಡು ಹೋಗುತ್ತದೆ. ಬಲೆ ಬಿಡಿಸಲು ನೀರಿಗೆ ಹಾರಿದವರು ನಿಮ್ಮ ಸ್ವಂತ ಅಣ್ಣ ಸುಕ್ರಜ್ಜ. "ಪಂಜೂ, ಮಿಶನ್ ನಿಲ್ಸಾ" ಎಂದು ಅವರು ಕೂಗಿದ್ದು ದಡದವರಿಗೆಲ್ಲ ಕೇಳಿಸಿತು, ನಿಮಗೆ ಕೇಳಿಸಲಿಲ್ಲವಂತೆ. ಬೋಟಿನಡಿಯ ಫ್ಯಾನು ಅವರನ್ನು ಸೊಂಟದಲ್ಲಿ ಎರಡು ಮಾಡುತ್ತದೆ. ಮಧ್ಯಾಹ್ನದೊಳಗೆ ಮೂರು ಬೋಟುಗಳು ಉರಿಯುತ್ತವೆ, ನಿಮ್ಮ ಆಳುಗಳಲ್ಲಿ ಇಬ್ಬರನ್ನು ಕಲ್ಲಿನಿಂದ ಜಜ್ಜಿ ಕೊಲ್ಲುತ್ತಾರೆ. ಬಲೆಯ ಕಣ್ಣಿಗೆ ಮೋಸ ಮಾಡಿದ ಮನೆಯವರೇ ಕಣ್ಣು ಕಾಯಲಿ ಎಂದು ಮುಂದೊಂದು ದಿನ ಊರು ಹೇಳಿತು. ಅದಕ್ಕೇ ಈ ಕೆಲಸ ನನ್ನ ಪಾಲಿಗೆ ಬಂದಿದೆ.

ಇನ್ನು ನನ್ನದು. ಜಟ್ಟಿ ನನ್ನ ತಮ್ಮ, ಒಬ್ಬನೇ ತಮ್ಮ. ಮೂರು ವಾರದ ಹಿಂದೆ ಹೊಸ ಕೈಬಲೆ ಹೆಣೆದು ಅಳತೆಗೆ ತಂದ. ಹಿಂದಿನ ದಿನವೇ ಅವಸರಪಟ್ಟು ಒಂದು ಸಲ ಬೀಸಿಯೂ ಆಗಿತ್ತು. ಅಳೆಯುವ ಮೊದಲು ಬೀಸಿದ್ದು ತಪ್ಪು, ಆದರೆ ಬಲೆ ಸರಿಯಿದ್ದರೆ ಅದಕ್ಕೆ ಎರಡು ದಿನದ ಗಂಜಿ ಕಡಿತ ಅಷ್ಟೇ. ಊರೆಲ್ಲ ಚಾವಡಿಯಲ್ಲಿ ಸೇರಿತ್ತು. ಮೊದಲನೆಯ ಕಣ್ಣಿಗೇ ನನ್ನ ಹೆಬ್ಬೆರಳು ಸಿಕ್ಕಿಕೊಂಡಿತು. ಎರಡನೆಯದಕ್ಕೂ ಹಾಗೆಯೇ.

ಜಟ್ಟಿ ನಗುತ್ತಲೇ ಹೇಳಿದ: "ಅಕ್ಕಾ, ನಿನ್ ಬೆರಳ್ ಬಾತ್ಕಂಡಿತ್ ಕಾಣ್. ನಾಕ್ ದಿನ ಬಿಟ್ಟ್ ಅಳಿ."

ನಿಜ, ಸಿಂಪಿ ಬಿಡಿಸುವಾಗ ಚಿಪ್ಪಿನ ಅಂಚು ಕೊಯ್ದು ಬೆರಳು ಸ್ವಲ್ಪ ಊದಿತ್ತು. ನನಗೂ ಗೊತ್ತಿತ್ತು. ಆದರೆ ಇಡೀ ಊರು ನನ್ನ ಮುಖವನ್ನೇ ನೋಡುತ್ತಿತ್ತು. ತಮ್ಮನೆಂದು ಬಿಟ್ಟಳು ಎಂಬ ಮಾತು ಬರಬಾರದೆಂಬ ಹಟ ನನ್ನದು. ತೂರುವುದಿಲ್ಲ ಎಂದುಬಿಟ್ಟೆ. "ಬಿಡೂಕಾಗ ಅವ್ನನ್ನ, ಹಗ್ಗ ತನ್ನಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಹಸಿದ ಊರಿಗೆ ಅಷ್ಟು ಸಾಕಾಗಿತ್ತು. ಅವನು ನಗುವುದನ್ನು ನಿಲ್ಲಿಸಿದ್ದು ಹಗ್ಗ ಬಿಗಿದ ಮೇಲೆ. ಕರಿಬಂಡೆಯ ಹತ್ತಿರ ದೋಣಿಗೆ ಎತ್ತಿಕೊಂಡಾಗ ಅವನ ಬೆನ್ನಿನಲ್ಲಿ ಚರ್ಮವಿರಲಿಲ್ಲ, ಒಂದು ಕಿವಿ ಇರಲಿಲ್ಲ. ಸಂಜೆಯೊಳಗೆ ಹೋದ.

ಆರನೆಯ ದಿನ ಬೆರಳಿನ ಬಾವು ಇಳಿಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಅವನ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡೆ. ಮೊದಲನೆಯ ಕಣ್ಣಿನಲ್ಲಿ ಹೆಬ್ಬೆರಳು ಬುಡದವರೆಗೂ ತೂರಿತು. ಎಲ್ಲ ಕಣ್ಣುಗಳಲ್ಲೂ ತೂರಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ. ಅವನ ಹಾಗೆ ಬಲೆ ಹೆಣೆಯುವವರು ಈ ದಡದಲ್ಲಿ ಯಾರೂ ಇಲ್ಲ.

ಅಮ್ಮ ದಿನವೂ ಒಂದೇ ಮಾತು ಕೇಳುತ್ತಾಳೆ: "ನೀ ಸಮ ಅಳ್ದ್ಯಾ ಮಗಾ?" ದಿನವೂ ಹೌದು ಎನ್ನುತ್ತೇನೆ. ಅವಳು ತಲೆಯಾಡಿಸಿ ಗಂಜಿ ಬಡಿಸುತ್ತಾಳೆ.

ತಪ್ಪು ಅಳೆದ ಕಣ್ಣಳೆಗೂ ಶಿಕ್ಷೆಯಿದೆ. ಚಾವಡಿಯ ಮುಂದಿನ ಲಂಗರುಕಲ್ಲಿನ ಮೇಲೆ ಹೆಬ್ಬೆರಳನ್ನಿಟ್ಟು ಕತ್ತಿಯಿಂದ ಕಡಿಯುತ್ತಾರೆ. ಏಟು ಹಾಕುವ ಹಕ್ಕು ಸತ್ತವನ ತಾಯಿಯದು. ನಾಳೆ ಬೆಳಿಗ್ಗೆ ಅಮ್ಮ ಕೇಳಿದಾಗ ನಿಜ ಹೇಳುತ್ತೇನೆ. ಬೆರಳು ಹೋಗುತ್ತದೆಂಬ ಹೆದರಿಕೆಯಿಲ್ಲ. ಕತ್ತಿಯನ್ನು ಅಮ್ಮನ ಕೈಗೆ ಕೊಡುತ್ತಾರಲ್ಲ, ಹೆದರಿಕೆ ಅದರದ್ದು. ನಾಳೆಯಿಂದ ಪೆನ್ನು ಹಿಡಿಯಲು ಆಗದು, ಅದಕ್ಕೇ ಇವತ್ತು ಕೂತು ಬರೆದೆ.

ಪಿಜ್ಜ, ಈ ಪತ್ರ ಸಿಗುವ ಹೊತ್ತಿಗೆ ನೀವು ಬಂದರಿನ ಶೆಡ್ಡಿನಲ್ಲಿ ಕೂತು ಆ ಒಳಬಲೆಯನ್ನು ಹೊಲಿಯುತ್ತಿರುತ್ತೀರಿ. ಎಲ್ಲರೂ ಹೊಲಿಯುತ್ತಾರೆ, ನಾನೊಬ್ಬ ಬಿಟ್ಟರೆ ಏನಾದೀತು ಎಂದು ಅಂದುಕೊಳ್ಳುತ್ತಿರುತ್ತೀರಿ. ಊರೆಲ್ಲ ಹಗ್ಗ ಕೇಳುವಾಗ ನಾನೊಬ್ಬಳು ತಡೆದರೆ ಏನಾದೀತು ಎಂದು ನಾನೂ ಚಾವಡಿಯಲ್ಲಿ ಅಂದುಕೊಂಡೆ. ಕೈ ನಿಲ್ಲಿಸಿ. ನಿಮ್ಮ ಹೆಬ್ಬೆರಳನ್ನು ಆ ಕಣ್ಣಿನಲ್ಲಿ ಒಂದು ಸಲ ತೂರಿಸಿ ನೋಡಿ. ತೂರದಿದ್ದರೆ ಅದನ್ನು ಬಿಚ್ಚಿ ಬೆಂಕಿಗೆ ಹಾಕಿ, ಎದ್ದು ಸುಕ್ರಜ್ಜನ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿ. ಮೀನು ಇದ್ದೇ ಇರುತ್ತದೆ. ನನ್ನ ಪಾಲಿನದನ್ನೂ ಜಟ್ಟಿಯ ಪಾಲಿನದನ್ನೂ ನೀವೇ ತಿನ್ನಿ.

ನೀಲು